ಬ್ಯಾಲಟ್ ಆಂಟಿ

ಅವರು ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ನಮ್ಮ ಕಾಲೇಜಿನ ಘನ ಪ್ರೊಫೆಸರುಗಳು ಗಂಡಸರ ಟಾಯ್ಲೆಟ್ಟಿಗೆ ನುಗ್ಗಿಬಿಡುತ್ತಿದ್ದರು. ಅಲ್ಲಿಗೆ ಮಾತ್ರ ಅವರು ಬರಲಾರರು ಎಂಬ ಧೈರ್ಯ. ಅವರೂ ಬಿಡುವವರಲ್ಲ, ಹೊರಗೆ ಗೋಡೆಗೊರಗಿ ಕಾಯುತ್ತಿದ್ದರು. ಸೀರೆಯ ಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಹಸಿರು ಕೋಟು, ಕಾಲಲ್ಲಿ ಸ್ನೋ ಬೂಟು, ಕಂಕುಳಲ್ಲಿ ನಾಮಪತ್ರಗಳ ಕಟ್ಟು. ಒಳಗೆ ಅಡಗಿದವನಿಗೆ ಮುಂದಿನ ಕ್ಲಾಸಿಗೆ ಹೊತ್ತಾಗುತ್ತಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಕೊನೆಗೆ ಹೊರಗೆ ಬರಲೇಬೇಕಲ್ಲ, ಪಾಪ.

ಅಮೆರಿಕದ ಸೌತ್‌ಫೀಲ್ಡಿನ ನಮ್ಮ ಕಾಲೇಜು ಖಾಸಗಿಯದು, ತಾಂತ್ರಿಕ ವಿದ್ಯೆಯದು. ಅಲ್ಲಿ ಅಧ್ಯಾಪಕರೇ ಮತ ಹಾಕಿ ಆರಿಸುವ ಒಂದು ಆಡಳಿತ ಸಭೆ ಇದೆ. ಎಲ್ಲರ ಬಾಯಲ್ಲಿ ಅದು ಸೆನೆಟ್. ಯಾವ ಕೋರ್ಸ್ ಇರಬೇಕು, ಯಾರಿಗೆ ಬಡ್ತಿ, ಯಾವ ವಿಭಾಗ ಉಳಿಯಬೇಕು ಎಂಬುದೆಲ್ಲ ಅದರ ಮುಂದೆ ಬರಬೇಕು. ಇಷ್ಟು ದೊಡ್ಡ ಸಭೆ ಅಂದಮೇಲೆ ಜನ ಸೀಟಿಗಾಗಿ ಬಡಿದಾಡಬೇಕು ಅಲ್ಲವೇ? ಎಲ್ಲಿ ಬಂತು! ಸಂಬಳವಿಲ್ಲ, ಭತ್ಯೆಯಿಲ್ಲ, ಶುಕ್ರವಾರದ ಮಧ್ಯಾಹ್ನಗಳೆಲ್ಲ ಮೀಟಿಂಗಿಗೆ ಹೋಮ, ಮೇಲಿಂದ ಆಡಳಿತ, ಅಧ್ಯಾಪಕರು ಎರಡೂ ಕಡೆಯವರ ಬೈಗುಳ. ಹಾಗಾಗಿ ಚುನಾವಣಾ ಸಮಿತಿಯ ಮುಖ್ಯಸ್ಥರಿಗೆ ಅರ್ಧ ಕೆಲಸವೆಂದರೆ ಅಭ್ಯರ್ಥಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು. ನಾನು ಕಾಲೇಜಿಗೆ ಸೇರುವ ಎಷ್ಟೋ ವರ್ಷ ಮೊದಲಿನಿಂದ ಆ ಕೆಲಸವನ್ನು ಅವರೇ ಮಾಡಿಕೊಂಡು ಬಂದಿದ್ದರು. ಗಣಿತ ಕಲಿಸುತ್ತಿದ್ದರು, ಧಾರವಾಡದ ಕಡೆಯವರು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಮೇಲಿಂದಲೇ ಬೈದಾರು.

ಅವರು ಜನರನ್ನು ಚುನಾವಣೆಗೆ ನಿಲ್ಲಿಸುತ್ತಿದ್ದ ರೀತಿಯೇ ಬೇರೆ. "ನೀವು ನಿಲ್ಲಿ" ಎಂದು ಯಾರಿಗೂ ಹೇಳಿದವರಲ್ಲ. "ಈ ಸೀಟಿಗೆ ಯಾರು ಬಂದರೆ ನಿಮಗೆ ನಿದ್ದೆ ಬರುವುದಿಲ್ಲ?" ಎಂದು ಕೇಳುತ್ತಿದ್ದರು. ಆತ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ಒಂದು ಹೆಸರು ಹೇಳುತ್ತಿದ್ದ. "ಅವರು ನಿಲ್ಲಬಹುದು ಅಂತ ಸುದ್ದಿ," ಎಂದು ಇವರು ಮುಖ ಸಪ್ಪಗೆ ಮಾಡಿಕೊಂಡು ನಾಮಪತ್ರ ಚಾಚುತ್ತಿದ್ದರು. ಆತ ಸಹಿ ಹಾಕಿದ ಮೇಲೆ ಅದೇ ಕೋಟು, ಅದೇ ಸಪ್ಪೆ ಮುಖ ಆ ಇನ್ನೊಬ್ಬನ ಬಾಗಿಲಿಗೆ. ಇದು ಮೋಸ ಅಲ್ವಾ ಅಂತ ನಾನೊಮ್ಮೆ ಕೇಳಿದ್ದೆ.

"ಸುದ್ದಿ ಅಂತ ಅಂದೆ. ನಿಂತಾನ ಅಂದ್ನೇನು? ಸುದ್ದಿ ಹುಟ್ಟಿಸಿದಾಕಿ ನಾನ, ಅದು ಬ್ಯಾರೆ ಮಾತು" ಅಂದರು.

ಕಾಲೇಜಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಮೈಸೂರಿನವಳು, ರಸಾಯನಶಾಸ್ತ್ರ ಕಲಿಸಲು ಬಂದವಳು. ಕೆಲಸಕ್ಕೆ ಸೇರಿದ ಮೊದಲ ವಾರ ಕೆಫೆಟೇರಿಯಾದಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಹಿಂದಿನಿಂದ, "ಉಪ್ಪಿನಕಾಯಿ ಎಲ್ಲಿ ಅದ?" ಎಂದು ಕೇಳಿದ ದನಿಗೆ ನನ್ನ ಎದೆ ಧಸಕ್ ಅಂದಿತ್ತು. ಅಂದಿನಿಂದ ಕಾಲೇಜಿನೊಳಗೆ ಅವರು ನನಗೆ ಮೇಡಂ, ಹೊಸ್ತಿಲು ದಾಟಿದರೆ ಆಂಟಿ. ಗಂಡ ತೀರಿಹೋಗಿದ್ದರು, ಒಬ್ಬಳೇ ಮಗಳು ಷಿಕಾಗೋ ಕಡೆ ಓಕ್ ಬ್ರೂಕಿನಲ್ಲಿದ್ದಳು. ಶನಿವಾರ ಬಂತೆಂದರೆ ನಮ್ಮ ಮನೆಯಲ್ಲೇ ಅವರ ಊಟ. ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಹಾಗೇ, "ಇವತ್ತರ ಸಾರಿಗೆ ಖಾರ ಹಾಕಿಯೋ, ಮೈಸೂರಿನ ಸಕ್ಕರಿ ಸಾರೋ?" ಎಂದು ಕೂಗುತ್ತಿದ್ದರು. ನನ್ನ ಮಗಳು ಅವರಿಗೆ ಇಟ್ಟ ಹೆಸರು ಬ್ಯಾಲಟ್ ಆಂಟಿ. "ಅಮ್ಮಾ, ಬ್ಯಾಲಟ್ ಆಂಟಿ ಈಸ್ ಹಿಯರ್!" ಎಂದು ಅವಳು ಕೂಗಿದರೆ ಅವರಿಗೆ ಪದ್ಮಶ್ರೀ ಬಂದಷ್ಟು ಖುಷಿ.

ಚುನಾವಣೆ ಹತ್ತಿರ ಬಂದರೆ ಈ ಹೆಂಗಸೇ ಬೇರೆ ಆಗಿಬಿಡುತ್ತಿದ್ದರು. ಊರಿಗೆಲ್ಲ ಧೈರ್ಯಸ್ಥೆ ಎಂದು ಕಾಣುತ್ತಿದ್ದವರು ಒಳಗೊಳಗೇ ಎಷ್ಟು ಹೆದರುತ್ತಿದ್ದರು ಅನ್ನುವುದು ನನಗೆ ಗೊತ್ತು. ಅನ್ನ ಸೇರುತ್ತಿರಲಿಲ್ಲ. ನಮ್ಮ ಸೆನೆಟ್ಟಿನ ನಿಯಮದಲ್ಲಿ ಕಾಗದದ ಮತಪತ್ರವೇ ಆಗಬೇಕು ಎಂದಿತ್ತು. ಅದನ್ನು ಹಾಕುವ ಪೆಟ್ಟಿಗೆಗೆ ಒಂದು ಬೀಗ. ಆ ಬೀಗದ ಕೈಯನ್ನು ಅವರು ಕೊರಳ ಸರದಲ್ಲಿ ಸೇಫ್ಟಿ ಪಿನ್ನುಗಳ ಜೊತೆ ಸಿಕ್ಕಿಸಿಕೊಂಡಿರುತ್ತಿದ್ದರು. ಮಾತಾಡುತ್ತ ಆಡುತ್ತ ಕೈ ಎದೆಗೆ ಹೋಗಿ ಅದನ್ನು ಮುಟ್ಟಿ ಬರುತ್ತಿತ್ತು. ಪಾಠ ಮಾಡುವಾಗಲೂ ಹಾಗೇ ಎಂದು ಅವರ ವಿದ್ಯಾರ್ಥಿಗಳು ಹೇಳುತ್ತಿದ್ದರು. ಆ ವಾರಗಳಲ್ಲಿ ನಮ್ಮ ಮನೆಗೆ ಬಂದರೂ ಕಾಲೇಜಿನ ಮಾತು ಎತ್ತುವಂತಿಲ್ಲ. ನಾನು ಬಾಯಿ ತೆರೆದರೆ, "ಹವಾ ಹ್ಯಾಂಗದ ಅಂತ ಕೇಳು. ಥಂಡಿ ಅದ, ಗಾಳಿ ಅದ. ಮುಗೀತು" ಅನ್ನುತ್ತಿದ್ದರು.

ಇನ್ನೊಂದು ಹುಚ್ಚು ಕೇಳಿ. ಅಧ್ಯಾಪಕರಾದ ಮೇಲೆ ಅವರಿಗೂ ಒಂದು ಮತ ಇತ್ತು. ಅದನ್ನು ಅವರು ಎಂದೂ ಹಾಕಿದವರಲ್ಲ. ಹಾಕಬಾರದೆಂದು ಯಾವ ನಿಯಮವೂ ಇರಲಿಲ್ಲ. "ಬಡಿಸಾಕಿ ಪಂಕ್ತಿಯೊಳಗ ಕೂತ್ರ ಹ್ಯಾಂಗವಾ? ತನ್ನ ಎಲಿಗೆ ತುಪ್ಪ ಒಂದು ಮಿಳ್ಳಿ ಜಾಸ್ತೀನ ಬೀಳ್ತದ" ಎಂದು ಅವರ ವಾದ. ಇರಲಿ, ಅವರವರ ಮಡಿ ಅವರವರಿಗೆ ಎಂದು ನಾನು ಸುಮ್ಮನಿದ್ದೆ. ನನ್ನ ತಲೆಯ ಮೇಲೆ ಕತ್ತಿ ತೂಗುವ ತನಕ.

ಆ ವರ್ಷ ಕಾಲೇಜಿನ ಆಡಳಿತದವರು ರಸಾಯನಶಾಸ್ತ್ರ ವಿಭಾಗವನ್ನು ಮುಚ್ಚುವ ಪ್ರಸ್ತಾವ ತಂದರು. ವಿದ್ಯಾರ್ಥಿಗಳು ಕಡಿಮೆ, ಖರ್ಚು ಜಾಸ್ತಿ, ಅದೇ ರಾಗ. ಅಮೆರಿಕದವರಿಗೆ ಅದು ಬರೀ ಕೆಲಸ ಹೋಗುವ ಸಂಗತಿ. ನನಗೆ ಹಾಗಲ್ಲ. ನನ್ನ ವೀಸಾ ಕಾಲೇಜಿನದು, ಗ್ರೀನ್ ಕಾರ್ಡಿನ ಅರ್ಜಿ ಕಾಲೇಜಿನದು, ಗಂಡ ಕೆಲಸ ಮಾಡುವ ಪರವಾನಗಿ ನನ್ನ ವೀಸಾಕ್ಕೆ ಕಟ್ಟಿದ್ದು. ನನ್ನ ಕೆಲಸ ಹೋದರೆ ಎರಡು ತಿಂಗಳಲ್ಲಿ ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವವಳಿದ್ದಳು. ಮೊದಲೇ ನಾನು ಪುಕ್ಕಲಿ. ಅಂಚೆಯವನು ದಪ್ಪ ಕವರ್ ಹಾಕಿದರೂ ಗಂಡನೇ ಒಡೆಯಲಿ ಎಂದು ಅತ್ತ ತಳ್ಳುವವಳು. ಆ ಚಳಿಗಾಲವೆಲ್ಲ ನಾನು ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದರೆ ತೊಟ್ಟಿನ ಬದಲು ಧಾರೆ ಬೀಳುತ್ತಿತ್ತು.

ಪ್ರಸ್ತಾವ ಸೆನೆಟ್ಟಿನಲ್ಲಿ ಪಾಸಾಗಬೇಕು. ಸೆನೆಟ್ ಸದಸ್ಯರು ನಡುವೆ ಸೀಳಿದ ಹಾಗೆ ಅರ್ಧ ಆ ಕಡೆ, ಅರ್ಧ ಈ ಕಡೆ. ಸಮಸಮ ಆದರೆ ಅಧ್ಯಕ್ಷರ ಮತವೇ ಕೊನೆ. ಆ ಅಧ್ಯಕ್ಷರ ಚುನಾವಣೆ ಏಪ್ರಿಲಿನಲ್ಲಿತ್ತು, ಮತ ಹಾಕುವವರು ಎಲ್ಲ ಅಧ್ಯಾಪಕರು. ವಿಭಾಗ ಉಳಿಯಬೇಕು ಅನ್ನುವ ಭೌತಶಾಸ್ತ್ರದ ಮುದುಕರೊಬ್ಬರು ನಿಂತರು. ಮುಚ್ಚಿದರೆ ತಪ್ಪೇನು ಅನ್ನುವ ಮ್ಯಾನೇಜ್‌ಮೆಂಟ್ ವಿಭಾಗದವರೊಬ್ಬರು ಎದುರಿಗೆ ನಿಂತರು. ಒಟ್ಟಿನಲ್ಲಿ ನಮ್ಮ ಮುದುಕರು ಗೆದ್ದರೆ ನಾನು ಉಳಿದೆ, ಸೋತರೆ ಹೊರಟೆ. ಇಷ್ಟೇ ಲೆಕ್ಕ.

ಶನಿವಾರದ ಊಟಕ್ಕೆ ಕೂತಾಗ ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. "ಆಂಟಿ, ಹೇಗೆ ಕಾಣ್ತಿದೆ? ನಮ್ಮೋರು ಬರ್ತಾರಾ?"

ಅವರು ತುತ್ತು ತಟ್ಟೆಯಲ್ಲೇ ಬಿಟ್ಟರು. "ನನಗ್ಯಾರೂ ನಮ್ಮೋರಿಲ್ಲ ಈಗ."

"ನಾನೂ ಇಲ್ವಾ?"

"ನೀ ಏಪ್ರಿಲ್ ಮುಗಿದ ಮ್ಯಾಲೆ," ಎಂದು ಎದ್ದು ಕೈ ತೊಳೆದುಕೊಂಡರು. ಅರ್ಧ ಊಟಕ್ಕೇ ಎದ್ದುಹೋದದ್ದು ನನಗೆ ಕೆಟ್ಟದೆನ್ನಿಸಿತು. ಬಾಗಿಲಲ್ಲಿ ಬೂಟಿನ ಲೇಸು ಕಟ್ಟಲು ಅವರ ಬೆರಳುಗಳಿಗೆ ಆಗುತ್ತಿರಲಿಲ್ಲ, ನನ್ನ ಗಂಡನೇ ಬಗ್ಗಿ ಕಟ್ಟಿದರು.

ಮತ ಹಾಕಿದ ದಿನ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ರಟ್ಟಿನ ಮರೆಯ ಹಿಂದೆ ಹೋದೆ, ಚೌಕದಲ್ಲಿ ಗುರುತು ಹಾಕಿದೆ, ಮಡಿಸಿದೆ, ಪೆಟ್ಟಿಗೆಗೆ ಹಾಕಿದೆ, ಬಂದೆ. ಪೆಟ್ಟಿಗೆಯ ಪಕ್ಕ ಕೂತಿದ್ದ ಅವರು ಪರಿಚಯವೇ ಇಲ್ಲದವರ ಹಾಗೆ ನನ್ನ ಗುರುತುಚೀಟಿ ಕೇಳಿ ನೋಡಿದರು.

ಎಣಿಕೆ ಮರುದಿನ ಮಧ್ಯಾಹ್ನ, ಸೆಮಿನಾರ್ ಕೋಣೆಯಲ್ಲಿ. ಯಾರು ಬೇಕಾದರೂ ಬಂದು ಹಿಂದೆ ನಿಂತು ನೋಡಬಹುದಿತ್ತು. ನಾನು ಕಿಟಕಿಯ ಹತ್ತಿರ ನಿಂತೆ. ಅಭ್ಯರ್ಥಿಗಳ ಕಡೆಯಿಂದ ಒಬ್ಬೊಬ್ಬ ವೀಕ್ಷಕರು ಮೇಜಿನ ಎರಡು ಪಕ್ಕ. ಇವರು ಒಂದೊಂದೇ ಮತಪತ್ರ ಬಿಚ್ಚಿ, ಹೆಸರು ಓದಿ, ಇಬ್ಬರಿಗೂ ತೋರಿಸಿ ಇಡುತ್ತಿದ್ದರು. ಬೋರ್ಡಿನ ಮೇಲೆ ಗೀಟುಗಳು ಎರಡೂ ಕಡೆ ಪೈಪೋಟಿಯಲ್ಲಿ ಏರುತ್ತಿದ್ದವು. ಒಮ್ಮೆ ನಾವು ಮುಂದೆ, ಒಮ್ಮೆ ಅವರು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದ ಸ್ತೋತ್ರಗಳೆಲ್ಲ ಕಲಸುಮೇಲೋಗರವಾಗಿ ಬಾಯಿಗೆ ಬರುತ್ತಿದ್ದವು.

ಪೆಟ್ಟಿಗೆ ಬರಿದಾಗುತ್ತ ಬಂದಿತ್ತು. ಒಂದು ಕಾಗದ ಬಿಚ್ಚಿದವರು ಹಾಗೇ ನಿಂತುಬಿಟ್ಟರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅದನ್ನು ಎರಡೂ ಗುಂಪಿಗೆ ಸೇರಿಸದೆ ಮೇಜಿನ ನಡುವೆ ಇಟ್ಟರು.

"ಈ ಮತ ಅಸಿಂಧು. ಮೇಲೆ ಒಂದು ಗುರುತು ಇದೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಯಾರು ಹಾಕಿದ್ದೆಂದು ತಿಳಿಯುವಂಥ ಗುರುತು ಇದ್ದರೆ ಆ ಮತವನ್ನು ಎಣಿಸುವಂತಿಲ್ಲ ಎಂಬುದು ನಮ್ಮ ನಿಯಮ.

ಎದುರು ಕಡೆಯ ವೀಕ್ಷಕ ಬಗ್ಗಿ ನೋಡಿದ. ಒಳ್ಳೆಯ ಮನುಷ್ಯ, ಅಕೌಂಟಿಂಗ್ ಕಲಿಸುತ್ತಿದ್ದ. "ಯಾರೋ ಪೆನ್ನು ಬರುತ್ತಾ ಅಂತ ಗೀಚಿ ನೋಡಿದ್ದಾರೆ. ನನಗೇನೂ ಅಭ್ಯಂತರವಿಲ್ಲ, ಎಣಿಸಿ," ಅಂದ. ಕೇಳಿದಿರಲ್ಲ, ಎದುರಾಳಿಯ ಕಡೆಯವನೇ ಎಣಿಸಿ ಅಂದ!

"ಅದು ಗೀಚಿದ್ದಲ್ಲ, ಅಕ್ಷರ," ಎಂದರು ಅವರು.

"ಯಾವ ಭಾಷೆಯ ಅಕ್ಷರ?"

"ನನ್ನ ಭಾಷೆಯದು."

ಕೋಣೆಯಲ್ಲಿದ್ದವರೆಲ್ಲ ತಿರುಗಿ ಕಿಟಕಿಯ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ಆಗ ನನಗೆ ಹೊಳೆಯಿತು. ಒಂದನೇ ಕ್ಲಾಸಿನಿಂದ ನಮ್ಮಪ್ಪ ಹೊಡೆದು ಕಲಿಸಿದ ಪಾಠ, ಯಾವ ಕಾಗದ ಎತ್ತಿಕೊಂಡರೂ ಮೊದಲು ನೆತ್ತಿಯ ಮೇಲೆ ಶ್ರೀ ಬರೆ. ಪರೀಕ್ಷೆಯ ಉತ್ತರಪತ್ರಿಕೆ, ದಿನಸಿ ಚೀಟಿ, ಲ್ಯಾಬಿನ ದಾಖಲೆ, ಎಲ್ಲದರ ಮೇಲೂ ನನ್ನ ಕೈ ನನ್ನನ್ನು ಕೇಳದೆ ಶ್ರೀ ಬರೆಯುತ್ತದೆ. ಅದೂ ಹೆದರಿಕೆ ಆದಾಗ ಬಿಡುವುದೇ ಇಲ್ಲ. ನನ್ನ ಉಳಿವಿಗಾಗಿ ಹಾಕಿದ ಮತದ ಮೇಲೆ, ದೇವರು ಕಾಪಾಡಲಿ ಎಂದು, ಅಚ್ಚ ಕನ್ನಡದಲ್ಲಿ ಶ್ರೀ ಬರೆದು ಬಂದಿದ್ದೆ. ಇಂಥ ಕೆಲಸ ಮಾಡಲು ನಮ್ಮಂಥವರಿಂದಲೇ ಸಾಧ್ಯ!

ಆ ಮತ ಎಣಿಸಿದ್ದರೆ ನಮ್ಮ ಮುದುಕರು ಒಂದು ಮತದಿಂದ ಗೆಲ್ಲುತ್ತಿದ್ದರು. ಎಣಿಸದೇ ಹೋದದ್ದರಿಂದ ಸಮಸಮ. ಸಮ ಆದರೆ ಒಂದು ವಾರ ಬಿಟ್ಟು ಮರುಮತದಾನ.

ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ಹಿಡಿದೆ. ಗಾಳಿ ಸುಯ್ಯೆನ್ನುತ್ತಿತ್ತು. ಮೇಡಂ ಎನ್ನಬೇಕೋ ಆಂಟಿ ಎನ್ನಬೇಕೋ ಅನ್ನುವ ಪರಿವೆಯೂ ಇರಲಿಲ್ಲ.

"ಏನ್ ಆಂಟಿ ಇದು? ಅವರೇ ಎಣಿಸಿ ಅಂದ್ರು! ಆ ಕಡೆಯೋನೇ ಅಂದ! ನಿಮಗೇನ್ ಬಂದಿತ್ತು ರೋಗ?"

"ಅವಗ ಅದು ಗೀಟು. ನನಗ ನಿನ್ನ ಕೈ."

"ನಿಮಗೊಬ್ಬರಿಗೇ ತಾನೇ ಗೊತ್ತಿದ್ದಿದ್ದು? ಸುಮ್ನೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಅದ ನೋಡು. ನನಗೊಬ್ಬಾಕಿಗೇ ಗೊತ್ತಿತ್ತು. ಗೊತ್ತಿದ್ದೂ ಎಣಿಸಿದ್ರ ಅದು ನಾನ ನಿನ್ನ ಪರ ವೋಟ್ ಹಾಕಿದಂಗ."

"ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತೀಲಿ ಕೂತರೂ ಭಯ ಇಲ್ಲ ಅಂತಾರೆ. ನನ್ನ ಹಣೆಗೆ ನೀವು ಸಿಕ್ಕಿದ್ರಿ! ಎಲ್ಲಿಗೆ ಹೋಗ್ಲಿ ನಾನು? ಮಗಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಹೇಳಿ!"

ಅವರು ಕಾರಿನ ಕೀಲಿಕೈಗಾಗಿ ಚೀಲವೆಲ್ಲ ತಡಕಾಡುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ, ಹುಡುಕಲಿ ಎಂದು ಬಿಟ್ಟು ಬಂದೆ.

ಆ ವಾರ ನಮ್ಮ ಮನೆಯಲ್ಲಿ ಸೂತಕದ ಕಳೆ. ಗಂಡ "ಆದದ್ದಾಗ್ಲಿ ಬಿಡೇ, ಬೆಂಗಳೂರಲ್ಲಿ ಜನ ಬದುಕ್ತಿಲ್ವಾ" ಅನ್ನುತ್ತಿದ್ದರು, ಅನ್ನುತ್ತಲೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂರುತ್ತಿದ್ದರು. ಮಗಳು ಒಂದು ಸಂಜೆ ಬಂದು, "ಆರ್ ವಿ ಲೀವಿಂಗ್ ಬಿಫೋರ್ ಪ್ರಾಮ್ ಆರ್ ಆಫ್ಟರ್?" ಎಂದಷ್ಟೇ ಕೇಳಿದಳು. ಪ್ರಾಮ್ ಅಂದರೆ ಅವಳ ಸ್ಕೂಲಿನ ವರ್ಷಾಂತ್ಯದ ನೃತ್ಯಕೂಟ. ಏನು ಹೇಳಲಿ? ನನಗೇ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಕಂಡವರೆಲ್ಲ ನನ್ನನ್ನು ನೋಡಿ ಮರುಕದ ನಗೆ ನಗುತ್ತಿದ್ದರು. ನಾನು ಯಾರಿಗೆ ಮತ ಹಾಕಿದೆ ಎಂಬುದು ಇಡೀ ಕಾಲೇಜಿಗೆ ಗೊತ್ತಾಗಿತ್ತಲ್ಲ. ಇನ್ನು ಮ್ಯಾನೇಜ್‌ಮೆಂಟಿನವರು ಗೆದ್ದರೆ ಮೊದಲು ನನ್ನ ಕುತ್ತಿಗೆಗೇ ಕೈ ಎಂದು ಬೇರೆ ಹೆದರಿಕೆ ಹಿಡಿಯಿತು.

ಸೋಮವಾರ ಬೆಳಗ್ಗೆ ಎಲ್ಲರಿಗೂ ಒಂದು ಈಮೇಲ್ ಬಂತು. ಒಬ್ಬರ ಮತ ಯಾರಿಗೆಂದು ನನಗೆ ತಿಳಿದುಹೋಗಿದೆ, ಹೀಗಿರುವಾಗ ಮರುಚುನಾವಣೆ ನಡೆಸಲು ನಾನು ತಕ್ಕವಳಲ್ಲ, ಸಮಿತಿಯಿಂದ ಇಳಿಯುತ್ತಿದ್ದೇನೆ, ಅಷ್ಟೇ. ನಮ್ಮಲ್ಲಿ ಒಂದು ಪದ್ಧತಿ ಇತ್ತು, ಚುನಾವಣೆಯ ನಡುವೆ ಇಳಿದವರನ್ನು ಮತ್ತೆ ಆ ಸಮಿತಿಗೆ ಸೇರಿಸುತ್ತಿರಲಿಲ್ಲ. ಅಂದರೆ ಅವರ ಮಟ್ಟಿಗೆ ಅದು ಮುಗಿಯಿತು. ಪೆಟ್ಟಿಗೆಯನ್ನು ಗ್ರಂಥಾಲಯದವರೊಬ್ಬರು ವಹಿಸಿಕೊಂಡರು. ನನಗೆ ಇನ್ನೂ ಉರಿಯಿತು. ಬೆಂಕಿ ಹಚ್ಚಿ ಈಗ ಜಾರಿಕೊಂಡರು ಎಂದು ಗಂಡನ ಮುಂದೆ ಕೂಗಾಡಿದೆ.

ಮರುಮತದಾನದ ದಿನ ಸಾಲು ಕಾರಿಡಾರಿನ ತಿರುವಿನ ತನಕ ಇತ್ತು, ಹೋದ ಸಲ ಬಾರದವರೂ ಬಂದಿದ್ದರು. ನಾನು ಮತ ಹಾಕಿ ಹೊರಗೆ ಬರುತ್ತಿದ್ದೆ. ಈ ಸಲ ಕಾಗದ ಮುಟ್ಟುವ ಮುಂಚೆ ಎಡಗೈಯಿಂದ ಬಲಗೈ ಹಿಡಿದುಕೊಂಡಿದ್ದೆ. ಹೊರಗೆ ಬಂದು ನೋಡಿದರೆ ಸಾಲಿನ ಕೊನೆಯಲ್ಲಿ ಹಸಿರು ಕೋಟು. ಇವರು ಯಾಕೆ ಇಲ್ಲಿ ಎಂದು ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಅಲ್ಲೇ ಬಾಗಿಲ ಪಕ್ಕದ ಗೋಡೆಗೊರಗಿ ನಿಂತೆ. ಮುಂದಿದ್ದವರು ಸರಿದು ದಾರಿ ಬಿಟ್ಟರೆ ಬೇಡವೆಂದು ತಲೆಯಾಡಿಸಿ ತಮ್ಮ ಜಾಗದಲ್ಲೇ ನಿಂತರು. ಅವರ ಸರದಿ ಬಂದಾಗ ಕಾಗದ ಇಸಿದುಕೊಂಡು ರಟ್ಟಿನ ಮರೆಗೆ ಹೋದರು. ಎಷ್ಟು ಹೊತ್ತು ಅಂತೀರಿ! ಎರಡು ಹೆಸರು, ಒಂದು ಗುರುತು. ಹಿಂದಿದ್ದವರು ಗಡಿಯಾರ ನೋಡಿಕೊಳ್ಳತೊಡಗಿದರು. ಕೊನೆಗೆ ಹೊರಗೆ ಬಂದು ಮಡಿಸಿದ ಕಾಗದವನ್ನು ಪೆಟ್ಟಿಗೆಗೆ ಹಾಕಿದರು. ಅವರ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಬರೀ ಪಿನ್ನುಗಳಿದ್ದವು. ನನ್ನ ಕಡೆ ನೋಡದೆ ಹೋದರು.

ಮರುದಿನದ ಎಣಿಕೆಯಲ್ಲಿ ನಮ್ಮ ಮುದುಕರು ಗೆದ್ದರು. ಒಂದು ಮತದಿಂದ.

ನನಗೆ ಅಲ್ಲೇ, ಎಲ್ಲರೆದುರು, ಬಿಕ್ಕಿ ಬಿಕ್ಕಿ ಅಳು ಬಂತು. ಆ ತಿಂಗಳ ಕೊನೆಯಲ್ಲಿ ವಿಭಾಗ ಮುಚ್ಚುವ ಪ್ರಸ್ತಾವ ಸೆನೆಟ್ಟಿಗೆ ಬಂದು, ನಿರೀಕ್ಷಿಸಿದ ಹಾಗೇ ಸಮವಾಗಿ, ಹೊಸ ಅಧ್ಯಕ್ಷರ ಮತದಿಂದ ಬಿದ್ದುಹೋಯಿತು. ನಾವು ಉಳಿದೆವು.

ಆ ಸಂಜೆಯೇ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿದೆ. ಡಬ್ಬಿ ತುಂಬಿಕೊಂಡು ಅವರ ಅಪಾರ್ಟ್‌ಮೆಂಟಿಗೆ ಓಡಿದೆ. ಪಾರ್ಕಿಂಗ್ ಲಾಟಿನಲ್ಲಿ ಆಡಿದ್ದಕ್ಕೆ ಕಾಲಿಗೆ ಬೀಳುವುದೆಂದೂ ಮನಸ್ಸಿನಲ್ಲಿತ್ತು. ಬಾಗಿಲು ತೆಗೆದವರು ಡಬ್ಬಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನದು?"

"ಒಬ್ಬಟ್ಟು ಆಂಟಿ."

"ಹೋಳಿಗಿ ಅನ್ನು. ಯಾಕ ತಂದಿ?"

"ಯಾಕೆ ಅಂದ್ರೆ? ನೀವು ನನಗೋಸ್ಕರ..."

"ಏ! ಬಾಯಿ ಮುಚ್ಚು!" ಎಂದು ಕೂಗಿದರು. ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ನಾ ಯಾರಿಗೆ ಹಾಕೀನಿ ನಿನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಈ ಡಬ್ಬಿ ತಗೊಂಡ್ರ ಊರಿಗೇ ಗೊತ್ತಾದಂಗ. ವೋಟ್ ಹಾಕಿ ಹೋಳಿಗಿ ತಿಂದ್ಳು ಅಂತ ಆಗ್ತದ."

"ಯಾರು ನೋಡ್ತಾರೆ ಆಂಟಿ ಇಲ್ಲಿ?"

"ನಾ ನೋಡ್ತೀನಲ್ಲ."

"ಹಾಗಾದ್ರೆ ಇನ್ನು ನಮ್ಮನೇಲಿ ಊಟಾನೇ ಮಾಡಲ್ವಾ?"

ಅವರಿಗೂ ಕಣ್ಣು ತುಂಬಿತ್ತು. "ಹೊಸ ಅಧ್ಯಕ್ಷನ ಟರ್ಮ್ ಮುಗೀಲಿ. ಆಮ್ಯಾಲೆ ತಟ್ಟಿಕೊಂಡು ಬಾ, ಬಿಸೀದು. ಎರಡು ವರ್ಷ ಏನು ದೊಡ್ಡದು" ಅಂದರು. ಹೇಳಿ ಬಾಗಿಲು ಹಾಕಿದರು. ನಾನು ಡಬ್ಬಿ ಹಿಡಿದುಕೊಂಡು ಲಿಫ್ಟಿನ ಮುಂದೆ ಪೆಚ್ಚಾಗಿ ನಿಂತೆ.

ಹುಡುಗಾಟ ಎಂದುಕೊಂಡಿದ್ದೆ. ಅಲ್ಲ. ಶನಿವಾರ ಬರುವುದನ್ನು ಬಿಡಲಿಲ್ಲ, ಆದರೆ ಊಟ ಮಾಡಿಕೊಂಡು ಬರುತ್ತಿದ್ದರು. ಒಂದು ಲೋಟ ನೀರು ಕುಡಿಯುತ್ತಿದ್ದರು, ನೀರಿಗೆ ದೋಷವಿಲ್ಲವಂತೆ. ಮರುವರ್ಷ ನಿವೃತ್ತಿಯಾಗಿ ಓಕ್ ಬ್ರೂಕಿಗೆ ಮಗಳ ಮನೆಗೆ ಹೋದರು. ಹಬ್ಬಕ್ಕೆ ನಾವು ಇಲ್ಲಿಂದ ಡ್ರೈವ್ ಮಾಡಿಕೊಂಡು ಷಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋದರೆ ಅಲ್ಲಿಗೆ ಬಂದು ಸಿಗುತ್ತಿದ್ದರು. ಕ್ಯಾಂಟೀನಿನಲ್ಲಿ ಅವರ ಪುಳಿಯೋಗರೆ ಅವರೇ ತೆಗೆದುಕೊಂಡು ಬಂದು ನನ್ನ ಎದುರೇ ಕೂತು ತಿನ್ನುತ್ತಿದ್ದರು. ಮನೆಯಿಂದ ಒಯ್ದ ಚಕ್ಕುಲಿ ಮುಂದಿಟ್ಟರೆ ಕಣ್ಣಲ್ಲೇ ನುಂಗಿ, ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. "ಇನ್ನೇನು, ಬರೋ ಮೇ ತಿಂಗಳ ಟರ್ಮ್ ಮುಗೀತದ" ಅನ್ನುತ್ತಿದ್ದರು. ಸೆನೆಟ್ಟಿನಲ್ಲಿ ಈಗ ಯಾರಿದ್ದಾರೆ, ನಾಮಪತ್ರ ಯಾರು ಹಿಡಿದು ತಿರುಗುತ್ತಾರೆ ಎಂದು ಕೇಳುತ್ತಿದ್ದರು. ಯಾರೂ ತಿರುಗುವುದಿಲ್ಲ, ಈಮೇಲ್ ಕಳಿಸುತ್ತಾರೆ ಅಂದರೆ, "ಈಮೇಲಿಗೆ ಯಾವಾಂವ ಹೆದರ್ತಾನ?" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಈ ವರ್ಷ ಫೆಬ್ರವರಿಯಲ್ಲಿ ಅವರ ಮಗಳ ಫೋನು ಬಂತು. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹರಡಿದೆ, ಆಪರೇಷನ್ ಮಾಡುವ ಹಾಗಿಲ್ಲ. ಯುಗಾದಿಯ ಬೆಳಗ್ಗೆ ಬೇಗ ಎದ್ದು ಒಬ್ಬಟ್ಟು ತಟ್ಟಿದೆ. ತಟ್ಟುವಾಗ ಯಾಕೆ ತಟ್ಟುತ್ತಿದ್ದೇನೆಂದು ಗಂಡ ಕೇಳಲಿಲ್ಲ. ಒಬ್ಬಳೇ ಹೊರಟೆ. ದಾರಿಯುದ್ದಕ್ಕೂ ಮಂಜು ಕರಗಿದ ಕೆಸರು ಲಾರಿಗಳಿಂದ ಗಾಜಿಗೆ ರಾಚುತ್ತಿತ್ತು. ಎಪ್ಪತ್ತೈದು ಮೈಲಿ ವೇಗದಲ್ಲಿ ಹೋದರೂ ಆಸ್ಪತ್ರೆಯ ಎಕ್ಸಿಟ್ ಬರಲೊಲ್ಲದು. ತಲುಪುವಷ್ಟರಲ್ಲಿ ಏನಾದರೂ ಆಗಿದ್ದರೆ ಎಂದು ರೇಡಿಯೋ ಹಾಕಿಕೊ, ಆರಿಸು, ಹಾಕಿಕೊ, ಆರಿಸು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಮಗಳು ಸಿಕ್ಕಿದಳು. "ಶೀ ಈಸ್ ನಾಟ್ ಈಟಿಂಗ್, ಅಕ್ಕಾ. ಡಾಕ್ಟರ್ ಸೇಸ್ ಮೇ ಬಿ ಎ ವೀಕ್" ಎಂದು ನನ್ನ ಭುಜಕ್ಕೆ ತಲೆಯಿಟ್ಟಳು. ಒಳಗೆ ಹೋದೆ. ಹಾಸಿಗೆಯಲ್ಲಿ ಅವರು ಅರ್ಧ ಆಗಿಹೋಗಿದ್ದರು. ಕೊರಳಲ್ಲಿ ಸರವಿರಲಿಲ್ಲ. ನನ್ನನ್ನು ನೋಡಿ ಕಣ್ಣು ಸಣ್ಣ ಮಾಡಿದರು.

"ಏನದು ಕೈಯಾಗ?"

"ಹೋಳಿಗಿ ಆಂಟಿ," ಎಂದೆ. ನನ್ನ ಬಾಯಿಂದ ಆ ಮಾತು ಅದೇ ಮೊದಲು ಬಂದದ್ದು.

ಅವರು ಡಬ್ಬಿಯನ್ನು ನೋಡಿದರು. ಆಮೇಲೆ ನನ್ನನ್ನು. "ಟರ್ಮ್ ಮುಗೀತೇನು ಅಂವಂದು?"

ಮೇ ತಿಂಗಳು ಇನ್ನೂ ದೂರ ಇತ್ತು. ನಮ್ಮ ಮುದುಕರು ಹಿಂದಿನ ಶುಕ್ರವಾರವಷ್ಟೇ ಸೆನೆಟ್ಟಿನ ಸಭೆ ನಡೆಸಿದ್ದರು.

"ಹೂಂ ಆಂಟಿ. ಮುಗೀತು."

ನಾನು ಡಬ್ಬಿಯ ಮುಚ್ಚಳ ತೆಗೆಯಲು ಹೋದೆ. ಅವರ ಮುಖ ನೋಡದೆ ಅಂಚನ್ನು ಉಗುರಿನಿಂದ ಮೀಟಿದೆ. ಅವರು ಅದನ್ನೇ ನೋಡುತ್ತಿದ್ದರು. ಸೆನೆಟ್ಟಿನ ಯಾವ ಸ್ಥಾನದ ಅವಧಿ ಯಾವಾಗ ಮುಗಿಯುತ್ತದೆ ಎಂಬುದರ ಲೆಕ್ಕವನ್ನು ಅಷ್ಟು ವರ್ಷ ಇಟ್ಟವರೇ ಅವರು. ಕೊನೆಗೆ ಮುಚ್ಚಳ ಬಂತು. ಒಂದು ಚೂರು ಮುರಿದು ಜೊತೆಗೆ ತಂದಿದ್ದ ತುಪ್ಪದಲ್ಲಿ ಅದ್ದಿದೆ.

"ಲಗೂನ ಮುಗೀತಲ್ಲ" ಎಂದರು. ಬಾಯಿ ತೆರೆದರು.